ಬೆಂಚಿನವರಿಗೆ ಮೊದಲ ಕಿತ್ತಳೆ

ಅಪ್ಪ ಮೈಸೂರಿನ ಒಂದು ಕಾಲೇಜಿನಲ್ಲಿ ಫುಟ್‌ಬಾಲಿಗೂ ಬ್ಯಾಸ್ಕೆಟ್‌ಬಾಲಿಗೂ ಕೋಚ್ ಆಗಿದ್ದರು. ಎರಡಕ್ಕೂ ಅವರೊಬ್ಬರೇ. ಅದನ್ನು ಅವರು ಹೊರೆ ಅಂದುಕೊಳ್ಳಲಿಲ್ಲ. ಫುಟ್‌ಬಾಲ್ ಹುಡುಗರನ್ನೂ ಆಗಾಗ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಇಳಿಸುತ್ತಿದ್ದರು. "ಇಕ್ಕಟ್ಟಿನಲ್ಲಿ ತಲೆ ಎತ್ತಿ ಆಡೋದು ಕಲೀರಿ. ಆಮೇಲೆ ಮೈದಾನದಲ್ಲಿ ಎಷ್ಟು ಜಾಗ ಇದೆ ಅಂತ ಗೊತ್ತಾಗತ್ತೆ" ಅನ್ನುತ್ತಿದ್ದರು.

ವಿರಾಮದಲ್ಲಿ ಕಿತ್ತಳೆ ತೊಳೆ ಹಂಚುವ ಕೆಲಸ ಬೇರೆಯವರಿಗೆ ಬಿಡುತ್ತಿರಲಿಲ್ಲ. ಮೊದಲು ಬೆಂಚಿನಲ್ಲಿ ಕೂತವರಿಗೆ, ಆಮೇಲೆ ಆಡಿ ಬಂದವರಿಗೆ.

"ಸರ್, ಓಡಿದ್ದು ನಾವು, ತಿನ್ನೋರು ಇವರಾ?" ಎಂದು ಯಾರಾದರೂ ಗೊಣಗುತ್ತಿದ್ದರು.

"ನಿಮಗೆ ಆಟ ಸಿಕ್ತಲ್ಲಪ್ಪ. ಅವರಿಗಿನ್ನೂ ಏನೂ ಸಿಕ್ಕಿಲ್ಲ."

ನಿವೃತ್ತರಾದ ಮೇಲೆ ನೆದರ್‌ಲ್ಯಾಂಡ್ಸ್‌ನ ಎನ್ಸ್‌ಕೆಡೆ ಊರಿನ ನಮ್ಮ ಮನೆಗೆ ಬಂದಿದ್ದರು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ಮನೆ ಹತ್ತಿರದ ಅಂಕಣಕ್ಕೆ ಬೀಗ ಬಿತ್ತು. ಅಪ್ಪ ದಿನವೂ ಅಲ್ಲಿಯವರೆಗೆ ನಡೆದು, ಬೇಲಿಯ ಈಚೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. "ನೆಲ ಚೆನ್ನಾಗಿದೆ ಕಣೆ" ಎಂದಷ್ಟೇ ಹೇಳುತ್ತಿದ್ದರು. ಚಳಿಗಾಲದಲ್ಲಿ ಕಾಯಿಲೆ ಬಿದ್ದರು. ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ.

ಚಿತಾಗಾರದ ಹಾಲ್‌ನಲ್ಲಿ ಕೆಲವರಿಗೆ ಮಾತ್ರ ಪ್ರವೇಶ. ಉಳಿದವರು ವಿಡಿಯೋದಲ್ಲಿ ನೋಡಬೇಕು. ಕೊಟ್ಟಿದ್ದ ಸಮಯವೂ ಕಡಿಮೆ, ನಮ್ಮ ನಂತರ ಇನ್ನೊಂದು ಕುಟುಂಬವಿತ್ತು. ಅಪ್ಪನ ಜೀವನವೆಲ್ಲ ಆ ಹುಡುಗರ ಜೊತೆಯೇ ಕಳೆದಿತ್ತು. ಅಪ್ಪನನ್ನು ಅಪ್ಪನಿಗೆ ಒಪ್ಪುವಂತೆ ಕಳಿಸಿಕೊಡಬೇಕು, ಅದೊಂದೇ ನನ್ನ ತಲೆಯಲ್ಲಿತ್ತು.

ಹಿಂದಿನ ದಿನ ಅವರ ಹಳೆಯ ಕ್ಯಾಪ್ಟನ್ ಒಬ್ಬರು ಮೈಸೂರಿನಿಂದ ಫೋನ್ ಮಾಡಿದರು. "ಅಕ್ಕ, ಎಲ್ಲರಿಗೂ ಮಾತಾಡ್ಬೇಕು ಅಂತಿದೆ. ಟೈಮ್ ಇಲ್ವಲ್ಲ, ಕ್ಯಾಪ್ಟನ್‌ಗಳು ಮಾತ್ರ ಮಾತಾಡಿದ್ರೆ ಸಾಕಾ?"

ಸರಿ ಅನ್ನಲು ಬಾಯಿ ಬರಲಿಲ್ಲ. "ಬೆಂಚಿನಲ್ಲಿ ಕೂತಿರ್ತಿದ್ದವರು ಯಾರಾದ್ರೂ ಇದ್ದಾರಾ?" ಎಂದು ಕೇಳಿದೆ.

"ಒಬ್ಬ ಇದ್ದಾನೆ ಅಕ್ಕ. ಮೂರು ವರ್ಷ ಟೀಮಲ್ಲಿದ್ದ. ಒಂದು ಮ್ಯಾಚೂ ಆಡ್ಲಿಲ್ಲ."

"ಹಾಗಾದ್ರೆ ಅವರೇ ಮೊದಲು ಮಾತಾಡ್ಲಿ."

ಮರುದಿನ ಪರದೆಯ ಮೇಲೆ ನರೆತ ಕೂದಲಿನ ಒಬ್ಬರು ಕಾಣಿಸಿಕೊಂಡರು. ತಮ್ಮ ಅಂಗಡಿಯೊಳಗೇ ಕೂತಿದ್ದರು, ಹಿಂದೆ ಪೇಂಟ್ ಡಬ್ಬಗಳ ಸಾಲು. "ಪ್ರತಿ ಮ್ಯಾಚಿಗೂ ಲೇಸ್ ಬಿಗಿದುಕೊಂಡು ಕೂತಿರ್ತಿದ್ದೆ" ಎಂದರು. "ಶುರುವಾಗೋಕೆ ಮುಂಚೆ ಸರ್ ಬಗ್ಗಿ ನನ್ನ ಲೇಸ್ ನೋಡೋರು, 'ರೆಡಿ ಏನಪ್ಪ?' ಅನ್ನೋರು. ನನ್ನನ್ನ ಇಳಿಸಲ್ಲ ಅಂತ ನಂಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದ್ರೂ ಒಂದಿನವೂ ಕೇಳೋದು ಬಿಡ್ಲಿಲ್ಲ." ಆಮೇಲೆ ಮಧ್ಯೆ ಮಧ್ಯೆ ನಿಲ್ಲಿಸಿದರು, ಮತ್ತೆ ಶುರು ಮಾಡಿದರು. ಯಾರೂ ಅವರನ್ನು ಅವಸರಪಡಿಸಲಿಲ್ಲ.

ಅವರು ಮುಗಿಸುವಷ್ಟರಲ್ಲಿ ಹಾಲ್‌ನವರು ಬಂದು ಬಾಗಿಲ ಬಳಿ ನಿಂತಿದ್ದರು. ಕ್ಯಾಪ್ಟನ್‌ಗಳಲ್ಲಿ ಒಬ್ಬರಿಗೂ ಸರದಿ ಬರಲಿಲ್ಲ.

ಸಂಜೆ ಆ ಕ್ಯಾಪ್ಟನ್‌ಗೆ ಫೋನ್ ಮಾಡಿ, ನಿಮಗೆ ಸಮಯವೇ ಸಿಗಲಿಲ್ಲ ಎಂದೆ.

"ಇರ್ಲಿ ಬಿಡಿ ಅಕ್ಕ" ಎಂದರು. "ಸರ್ ನಮಗೆ ಕಾಯೋದು ಅಭ್ಯಾಸ ಮಾಡ್ಸಿದ್ದಾರೆ."