ನಾಲಿಗೆಗೆ ಹಿಡಿದ ಮೂಳೆ

ಭಾನುವಾರ ಸಂಜೆ ನಮ್ಮ ಪಕ್ಕದ ಮನೆಯ ಡಾಕ್ಟರ ನಾಲಿಗೆಯ ತುದಿ ಬೂದು ಬಣ್ಣಕ್ಕೆ ತಿರುಗಿರುತ್ತಿತ್ತು. ಅಂಗಳದ ನಲ್ಲಿಯ ಬಳಿ ನಿಂತು ಅದನ್ನು ಹೊರಚಾಚಿ ನನಗೆ ತೋರಿಸಿ ಮಕ್ಕಳಂತೆ ನಗುತ್ತಿದ್ದರು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ನಲ್ಲಿಯ ಪಕ್ಕದಲ್ಲಿ ಅವರಿಗೆಂದೇ ಒಂದು ಹಳೆಯ ಸ್ಟೀಲ್ ಚೊಂಬು ಇಟ್ಟಿದ್ದರು. ಬಾಯಿ ಮುಕ್ಕಳಿಸದೆ ಹೊಸ್ತಿಲು ದಾಟುವಂತಿರಲಿಲ್ಲ.

"ಸತ್ತದ್ದರ ಮೂಳೆ ನೆಕ್ಕಿ ಬಂದು ಸೀದಾ ದೇವರ ಕೋಣೆಗೆ ಹೋಗ್ತಾರಂತೆ!" ಎಂದು ಅಕ್ಕ ಒಳಗಿನಿಂದಲೇ ಗದರುತ್ತಿದ್ದರು.

ಉಡುಪಿ ಕಡೆಯವರಾದ ಡಾಕ್ಟರು ಮಲೇಷ್ಯಾದ ಮೆಲಾಕಾ ನಗರದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಹೇಳುತ್ತಿದ್ದರು. ಮಡಿಯಲ್ಲಿ ಅಕ್ಕನಿಗಿಂತ ಒಂದು ಕೈ ಮೇಲು. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಕುಡಿದಾರೇ ಹೊರತು ರೊಟ್ಟಿ ಮುಟ್ಟರು. ಅದೇ ಕಾವಲಿಯ ಮೇಲೆ ಮೊಟ್ಟೆ ಒಡೆಯುತ್ತಾರಲ್ಲ! ಇಂಥವರು ರಜೆ ಸಿಕ್ಕಿತೆಂದರೆ ಪಹಾಂಗ್ ರಾಜ್ಯದ ಸರ್ಕಾರಿ ಕಾಡಿಗೆ ಕಾರು ಓಡಿಸಿಕೊಂಡು ಹೋಗಿ, ಡೈನೋಸಾರ್ ಮೂಳೆ ಅಗೆಯುವ ತಂಡದ ಜೊತೆ ಕೂತು ಮಣ್ಣು ಕೆರೆಯುತ್ತಿದ್ದರು.

ಒಮ್ಮೆ ನಾನೂ ಹೋದೆ. ಆನೆಗಾತ್ರದ ಅಸ್ಥಿಪಂಜರ ಕಂಡೀತೆಂದುಕೊಂಡಿದ್ದವಳಿಗೆ ಕಂಡದ್ದು ಹಗ್ಗ ಕಟ್ಟಿದ ಒಂದು ಇಳಿಜಾರು, ನೀಲಿ ಟಾರ್ಪಾಲು, ಬ್ರಷ್ ಹಿಡಿದ ನಾಲ್ಕಾರು ಜನ. ಡಾಕ್ಟರು ಮಂಡಿಯೂರಿ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ಕೈಬಿಟ್ಟರು. ಅದು ಬಿದ್ದುಹೋಯಿತು. ಇನ್ನೊಂದು ನಾಲಿಗೆಯಲ್ಲೇ ಜೋತುಬಿತ್ತು.

"ಕಲ್ಲು ಜಾರ್ತದೆ. ಮೂಳೆಯಲ್ಲಿ ಸಣ್ಣ ಸಣ್ಣ ತೂತು ಉಂಟಲ್ಲ, ಅದು ಹಿಡ್ಕೊಳ್ತದೆ."

"ನಿಮ್ಮ ಮಡಿ ಎಲ್ಲಿ ಹೋಯ್ತು ಡಾಕ್ಟ್ರೇ?"

"ಕೋಟಿಗಟ್ಟಲೆ ವರ್ಷ ಮಳೆಗೆ ನೆನ್ದಿದೆ ಮಾರಾಯ್ತಿ, ಇನ್ನೆಂಥ ಮೈಲಿಗೆ?"

ಅಕ್ಕನಿಗೆ ತೋರಿಸಲು ಒಂದು ಚೂರು ಒಯ್ಯೋಣವೇ ಎಂದೆ. ಅವರು ಗಂಭೀರರಾದರು. "ಇದು ಸರ್ಕಾರಿ ಜಾಗ, ಎಲ್ಲರದ್ದು. ಇಲ್ಲಿ ಬಂದು ನೋಡ್ಬೇಕು, ಒಯ್ಲಿಕ್ಕಿಲ್ಲ. ಅದಕ್ಕೇ ಅವಳಿಗೆ ಹೇಳುದು, ಒಂದು ಸಲ ಬಾ ಅಂತ."

ಪ್ರತಿ ಸಲ ಕರೆಯುತ್ತಿದ್ದರು. ಅಕ್ಕನಿಗೆ ಒಮ್ಮೆ ಏಕಾದಶಿ, ಒಮ್ಮೆ ಮಂಡಿನೋವು, ಇನ್ನೊಮ್ಮೆ ಕಾಡಿನ ಜಿಗಣೆಯ ಭಯ. "ಇಷ್ಟು ವರ್ಷ ಬಿದ್ಕೊಂಡ ಮೂಳೆ ಈಗ ಎಲ್ಲಿಗೆ ಓಡ್ತದೆ? ಮುಂದಿನ ಸಲ ಬರ್ತೇನೆ," ಎನ್ನುತ್ತಿದ್ದರು.

ಮೂಳೆ ಎಲ್ಲಿಗೂ ಓಡಲಿಲ್ಲ. ಡಾಕ್ಟರೇ ಹೋಗಿಬಿಟ್ಟರು. ಪಾಠ ಹೇಳುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರಂತೆ.

ಕೆಲವು ತಿಂಗಳ ಮೇಲೆ ತಂಡದವರಿಂದ ಫೋನ್ ಬಂತು. ಡಾಕ್ಟರು ಕೊನೆಯದಾಗಿ ಪತ್ತೆಹಚ್ಚಿದ ಮೂಳೆಯನ್ನು ಈಗ ಮೇಲೆತ್ತುತ್ತಿದ್ದೇವೆ, ಆಂಟಿ ಬರಬೇಕು ಎಂದು. ಅಕ್ಕ ಸೀರೆಯ ಮೇಲೆ ಡಾಕ್ಟರ ಕ್ಯಾನ್ವಾಸ್ ಟೋಪಿ ಹಾಕಿಕೊಂಡು ಹೊರಟರು. ಮಂಡಿನೋವು ಇತ್ತು, ಜಿಗಣೆಯೂ ಇತ್ತು. ನನ್ನ ತೋಳು ಹಿಡಿದು ಇಳಿಜಾರು ಇಳಿದರು.

"ದಿಸ್ ಒನ್ ಅಂಕಲ್ಸ್ ಪ್ಲೇಸ್ ಲಾ, ಆಂಟಿ," ಎಂದು ತಂಡದ ಮಲಯ್ ಹುಡುಗಿ ಟಾರ್ಪಾಲಿನ ಮೂಲೆಯನ್ನು ತೋರಿಸಿದಳು. ಆ ಮೂಳೆಯಿಂದ ಕಳಚಿದ ಚೂರೊಂದನ್ನು ಅಕ್ಕನ ಅಂಗೈಯಲ್ಲಿಟ್ಟಳು.

ಅಕ್ಕ ಅದನ್ನು ತುಂಬ ಹೊತ್ತು ನೋಡಿದರು. "ಕ್ಯಾನ್ ಆ?" ಎಂದು ಹುಡುಗಿಯನ್ನು ಕೇಳಿದರು. ಅವಳು ಆಗಬಹುದೆಂದು ತಲೆಯಾಡಿಸಿದಳು. ಅಕ್ಕ ಕಣ್ಣು ಮುಚ್ಚಿ, ಚೂರನ್ನು ನಾಲಿಗೆಗೆ ಮುಟ್ಟಿಸಿ ಕೈಬಿಟ್ಟರು. ಅದು ಬೀಳಲಿಲ್ಲ.

"ಹಿಡೀತು ನೋಡು," ಎಂದರು ಚೂರನ್ನು ಹಿಂದಿರುಗಿಸುತ್ತ. ಕಣ್ಣೀರು ಇಳಿಯುತ್ತಿತ್ತು. "ಇಷ್ಟು ತೋರಿಸ್ಲಿಕ್ಕೇ ಕರ್ದದ್ದು ಅವರು. ಇಷ್ಟೇ. ನನಗೆ ಬರ್ಲಿಕ್ಕೆ ಆಗ್ಲಿಲ್ಲ."

ಅವರಿಬ್ಬರೂ ಒಟ್ಟಿಗೆ ಆ ಟಾರ್ಪಾಲಿನಡಿ ಕೂತದ್ದನ್ನು ನೋಡಲಾಗಲಿಲ್ಲವಲ್ಲ ಎಂಬ ಕೊರಗು ನನಗೂ ಇದೆ.

ಮನೆ ತಲುಪಿದಾಗ ಚೊಂಬು ನಲ್ಲಿಯ ಪಕ್ಕದಲ್ಲಿ ಬೋರಲಾಗಿತ್ತು. ನಾನು ನೀರು ತುಂಬಿಸಿ ಕೊಟ್ಟೆ. ಅಕ್ಕ ತೆಗೆದುಕೊಂಡು ತುಳಸಿಯ ಬುಡಕ್ಕೆ ಸುರಿದರು. ಆಮೇಲೆ ಬಾಯಿ ತೊಳೆಯದೆ ಹೊಸ್ತಿಲು ದಾಟಿ ಒಳಗೆ ಹೋದರು.