ಬಲಗಡೆಯ ಹೂ

ಕೆಂಡಲ್ ಪಾರ್ಕಿನ ಚಿಕ್ಕತಾಯಮ್ಮ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಎರಡು ಸಲ ಪರೀಕ್ಷೆ ಮಾಡದೆ ಏನನ್ನೂ ನಂಬುವ ಹೆಂಗಸಲ್ಲ. ಆದರೆ ಮನೆದೇವರು ಮಾದಪ್ಪನ ಹತ್ತಿರ ಹೂ ಕೇಳದೆ ಈ ಪರದೇಶದಲ್ಲಿ ಒಂದು ಹೆಜ್ಜೆ ಇಟ್ಟವಳೂ ಅಲ್ಲ. ಫೋಟೊದ ಎರಡೂ ಭುಜಕ್ಕೆ ಒಂದೊಂದು ಸೇವಂತಿಗೆ ಸಿಕ್ಕಿಸಿ ಕೈಮುಗಿದು ಕೂರುವುದು. ಬಲಗಡೆಯದು ಬಿದ್ದರೆ ಆಗುತ್ತೆ, ಎಡಗಡೆಯದು ಬಿದ್ದರೆ ಬೇಡ. ಹತ್ತಿರದ ಊರು ವೆಸ್ಟ್ ವಿಂಡ್ಸರಿನಲ್ಲಿ ಆಸೆಪಟ್ಟ ಮನೆಯನ್ನು ಎಡಗಡೆ ಬಿತ್ತು ಅಂತ ಬಿಟ್ಟೇಬಿಟ್ಟಳು. ಗಂಡ ಬೋರಲಿಂಗಯ್ಯ ಮರುದಿನವೇ ಬೇರೆ ಮನೆ ಹುಡುಕಲು ಹೊರಟ.

ಮಗಳು ಅನಿಕಾ ಹನ್ನೆರಡು ವರ್ಷದವಳಿದ್ದಾಗ ಒಮ್ಮೆ, "ಅಮ್ಮಾ, ಇಟ್ಸ್ ಜಸ್ಟ್ ದ ಹೀಟ್!" ಅಂದುಬಿಟ್ಟಳು. ದೇವರ ಗೂಡಿನ ಪಕ್ಕದ ಗೋಡೆಯಲ್ಲೇ ಬಿಸಿಗಾಳಿ ಬರುವ ಜಾಲರಿ. ಹೀಟ್ ಶುರುವಾದರೆ ಬಲಗಡೆಯ ಹೂ ಅಲ್ಲಾಡುವುದು ನಿಜವೇ. ಚಿಕ್ಕತಾಯಮ್ಮ ಎರಡು ದಿನ ಮಗಳ ಮೇಲೆ ಉರಿದಳು. ಮೂರನೇ ದಿನದಿಂದ, ಹೂ ಕೇಳುವ ಮೊದಲು ಹೀಟ್ ಆಫ್ ಮಾಡುವುದನ್ನು ರೂಢಿ ಮಾಡಿಕೊಂಡಳು. ದೇವರಿಗೆ ಮೋಸ ಮಾಡುವ ಜಾಯಮಾನ ಅವಳದಲ್ಲ.

ಈ ಫೆಬ್ರವರಿಯ ಸೋಮವಾರ ಬೋರಲಿಂಗಯ್ಯನಿಗೆ ಹಾರ್ಟ್ ಅಟ್ಯಾಕ್ ಆಯಿತು. ಗುರುವಾರ ಹನ್ನೊಂದಕ್ಕೆ ಬೈಪಾಸ್ ಅಂದರು. ಅವಳು ಅಳಲಿಲ್ಲ. ಅಯ್ಯೋ, ಅಳು ಬಂದರೆ ತಾನೆ! ಕೂತು ಕೂತು ಜೋಮು ಹಿಡಿದ ಕಾಲಿನ ಹಾಗೆ ಆಗಿತ್ತು ಇಡೀ ಮೈ. ಯಾರೋ ತಂದುಕೊಟ್ಟ ಇಡ್ಲಿ ತಿಂದಳು, ರುಚಿ ತಿಳಿಯಲಿಲ್ಲ. ಡಾಕ್ಟರ್ ಹೇಳಿದ್ದಕ್ಕೆಲ್ಲ ಓಕೆ ಅಂದಳು.

ಗುರುವಾರ ಬೆಳಿಗ್ಗೆ ಅನಿಕಾಳನ್ನು ಅಪ್ಪನ ಹತ್ತಿರ ಕೂರಿಸಿ, ಡ್ರೈವ್ ಮಾಡಿಕೊಂಡು ಮನೆಗೆ ಬಂದು ಸ್ನಾನ ಮಾಡಿದಳು. ಹೀಟ್ ಆಫ್ ಮಾಡಿ ಹೂ ಸಿಕ್ಕಿಸಿದಳು. "ಇವರು ಉಳೀತಾರಾ, ಮಾದಪ್ಪಾ?" ಅಂತ ಕೇಳಿ ಕೂತಳು.

ಮುಕ್ಕಾಲು ಗಂಟೆ ಆಯಿತು. ಮನೆ ತಣ್ಣಗಾಯಿತು. ಯಾವ ಹೂವೂ ಅಲ್ಲಾಡಲಿಲ್ಲ. ಹೆದರಿಕೆ ಆಗಬೇಕಿತ್ತು, ಅದೂ ಆಗಲಿಲ್ಲ. "ಸರಿ ಕಣಪ್ಪ, ಹೇಳಬೇಡ," ಅಂದಳು. "ನೀನು ಹೇಳಲಿಲ್ಲ ಅಂತ ನಾನು ಇನ್ಯಾರ ಹತ್ತಿರ ಹೋಗಲಿ? ಅವರನ್ನ ನಿನ್ನ ಮಡಿಲಿಗೇ ಹಾಕಿದೀನಿ."

ಫೋನ್ ಬಂತು. ಬೋರಲಿಂಗಯ್ಯ.

"ಕೇಳಿದ್ಯೇನೇ? ಹೂ ಕೊಟ್ಟನಾ?"

"ಇನ್ನೂ ಇಲ್ಲ ರೀ."

"ಕೊಡ್ತಾನೆ, ಕೂತಿರು. ನರ್ಸ್ ಬಂದ್ಲು, ಇಡ್ತೀನಿ."

ಎರಡು ನಿಮಿಷ ಆಗಿರಬೇಕು. ಗೋಡೆಯೊಳಗೆ ಗುಂಯ್ ಅಂತ ಸದ್ದಾಯಿತು. ಬಲಗಡೆಯ ಸೇವಂತಿಗೆ ನಡುಗಿತು, ಜಾರಿತು, ಬಿತ್ತು.

ಅವಳು ಎದ್ದು ಹೋಗಿ ಹೀಟ್ ಏರಿಸಿ ಇಳಿಸುವ ಥರ್ಮೋಸ್ಟಾಟ್ ನೋಡಿದಳು. ತಾನೇ ಆಫ್ ಮಾಡಿದ್ದು ಈಗ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಚಳಿಗಾಲದಲ್ಲಿ ಆಫೀಸಿನಿಂದಲೇ ಫೋನಿನಲ್ಲಿ ಹೀಟ್ ಏರಿಸಿ, ಅವಳು ಬರುವಷ್ಟರಲ್ಲಿ ಮನೆ ಬೆಚ್ಚಗಿಡುತ್ತಿದ್ದ ಗಂಡ ಅವನು. ಹೂ ಎತ್ತಿ ಕಣ್ಣಿಗೊತ್ತಿಕೊಂಡು ಆಸ್ಪತ್ರೆಗೆ ಹೊರಟಳು.

ಅವನನ್ನು ಆಗಲೇ ಗಾಲಿಮಂಚಕ್ಕೆ ಹಾಕಿದ್ದರು.

"ಯಾವ ಕಡೆ?" ಏನೂ ಅರಿಯದವನ ಮುಖ ಮಾಡಿ ಕೇಳಿದ.

"ಬಲಗಡೇನೇ. ನಿಮ್ಮ ಮಾದಪ್ಪ ಎಂಬತ್ತು ಡಿಗ್ರಿ ಇಟ್ಟಿದ್ದ."

ಅವನ ಮುಖ ಸಣ್ಣಗಾಯಿತು. "ಹಂಗಾದ್ರೆ ಅವನು ಕೊಡಲೇ ಇಲ್ವಾ?"

"ನಿಮ್ಮ ಕೈಲಿ ಕೊಡಿಸಿದ. ಆ ಕೈ ಇನ್ನೂ ಆಡ್ತಾ ಇದೆಯಲ್ಲ ರೀ, ನನಗೆ ಅಷ್ಟು ಸಾಕು. ಮಿಕ್ಕಿದ್ದು ಅವನು ನೋಡ್ಕೋತಾನೆ."

ಹೂವನ್ನು ಅವನ ಅಂಗೈಯಲ್ಲಿ ಇಟ್ಟಳು. ಒಳಗೆ ತಗೊಂಡು ಹೋಗೋ ಹಾಗಿಲ್ಲ ಅಂತ ನರ್ಸ್ ಮೆಲ್ಲಗೆ ಅದನ್ನು ಬಿಡಿಸಿ ಇವಳಿಗೇ ವಾಪಸ್ ಕೊಟ್ಟಳು. ಅದು ಅವನ ಕೈಯ ಬಿಸಿಗೆ ಬೆಚ್ಚಗಿತ್ತು. ಸೋಮವಾರದಿಂದ ಬಾರದ ಅಳು ಚಿಕ್ಕತಾಯಮ್ಮನಿಗೆ ಆಗ ಬಂತು.