ಗುರುಗಳ ಗಡ್ಡ ಮತ್ತು ಮುಂದಿನ ಹಾಡು

ಈ ಕ್ಷೌರಿಕನಿಗೆ ಮೂಗಿನ ತುದಿಯಲ್ಲೇ ಕೋಪ. ಕೈ ಮಾತ್ರ ಬಲು ಸಮಾಧಾನದ್ದು. ಅದು ಕಸುಬು ಕಲಿಸಿದ ಗುರುಗಳು ಕೊಟ್ಟದ್ದು ಎಂದು ಬಂದವರಿಗೆಲ್ಲ ಹೇಳುತ್ತಾನೆ, ಕೇಳದವರಿಗೂ ಬಿಡುವುದಿಲ್ಲ.

ಆ ಗುರುಗಳಿಗೆ ಈಗ ತಲೆ ನಡುಗುವ ಕಾಯಿಲೆ. ಬೇರೆ ಅಂಗಡಿಯವರು ಅವರ ಗಡ್ಡ ಮುಟ್ಟಲು ಹಿಂದೇಟು ಹಾಕುತ್ತಾರೆ. ಮಗಳು ಮೆಷಿನ್ ತಂದುಕೊಟ್ಟರೆ, "ಇದು ಹುಲ್ಲು ಕತ್ತರಿಸೋಕೆ ಸರಿ" ಎಂದು ಪಕ್ಕಕ್ಕಿಟ್ಟರು. ಗಡ್ಡ ತೆಗೆದರೆ ಕತ್ತಿಯಲ್ಲೇ, ಅದೂ ಶಿಷ್ಯನ ಕೈಯಲ್ಲೇ. ಪುಣ್ಯಕ್ಕೆ, ಹಳೆಯ ಹಾಡು ಕೇಳುತ್ತಿದ್ದಷ್ಟು ಹೊತ್ತು ಅವರ ತಲೆ ನಿಲ್ಲುತ್ತಿತ್ತು. ಹಾಡು ಹಾಕಲು ಶಿಷ್ಯನ ಅಂಗಡಿಯ ಮೂಲೆಯಲ್ಲಿ ಅವನ ಹೆಂಡತಿಯ ಹಳೆ ಕಂಪ್ಯೂಟರ್ ಹೇಗೂ ಇತ್ತು.

ಆದರೆ ಅದು ಒಂದು ಹಾಡು ಮುಗಿಸಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು. ಇವನು ಕತ್ತಿ ಕೆಳಗಿಟ್ಟು, ನೊರೆಗೈ ಒರೆಸಿಕೊಂಡು, ಓಡಿಹೋಗಿ ಇನ್ನೊಂದು ಹಾಡು ಒತ್ತಿ ಬರಬೇಕು. ಕಳೆದ ಸಲ ಅಂದಾಜು ತಪ್ಪಿತು. ಹಾಡು ನಿಂತಿತು, ತಲೆ ಅಲುಗಿತು, ಗದ್ದದ ಕೆಳಗೆ ರಕ್ತ ಜಿನುಗಿತು.

"ಹೋಗ್ಲಿ ಬಿಡಪ್ಪ, ತಪ್ಪು ನನ್ನ ತಲೆದು" ಎಂದರು ಗುರುಗಳು. ಇವನಿಗೆ ಅಂದು ಊಟ ಸೇರಲಿಲ್ಲ. ಇನ್ನು ಅವರ ಕುತ್ತಿಗೆಗೆ ಕತ್ತಿ ಹಿಡಿಯುವುದಿಲ್ಲ ಎಂದು ಹೆಂಡತಿಯ ಮುಂದೆ ಅತ್ತುಬಿಟ್ಟ.

ಹೆಂಡತಿ ಪ್ರೆಸ್ಸಿನಲ್ಲಿ ಟೈಪ್ ಮಾಡುವವಳು. ರಜೆಯ ದಿನ ಅಂಗಡಿಗೆ ಬಂದು, "ಎಲ್ಲಿ, ಹಾಡು ಹಾಕಿ ನೋಡೋಣ" ಎಂದಳು. ಹಾಕಿದ. ಅವಳು ಹಣೆ ಚಚ್ಚಿಕೊಂಡಳು.

"ಅಲ್ರೀ, ಒಂದು ಮುಗಿದ ಮೇಲೆ ಮುಂದಿನದನ್ನ ತಾನಾಗೇ ಹಾಡು ಅಂತ ಇದಕ್ಕೆ ಹೇಳೇ ಇಲ್ವಲ್ಲ ನೀವು!"

"ಅದನ್ನೂ ಹೇಳ್ಬೇಕಾ?"

"ಮತ್ತೆ? ಗಿರಾಕಿ ಹೇಳ್ದೆ ನೀವು ಮೀಸೆ ತೆಗೀತೀರಾ?"

ಸೆಟ್ಟಿಂಗ್ಸ್ ತೆರೆದು, ಒಂದು ಪುಟ್ಟ ಚೌಕದಲ್ಲಿ ಗುರುತು ಹಾಕಿದಳು. ಅಷ್ಟೇ ಕೆಲಸ. ಆಮೇಲೆ ತಾನೇ ಹೋಗಿ ಗುರುಗಳನ್ನು ಕೈಹಿಡಿದು ಕರೆತಂದಳು.

ಮೊದಲ ಹಾಡು ಮುಗಿಯುವಾಗ ಕತ್ತಿ ಗಂಟಲ ಮೇಲಿತ್ತು. ಕ್ಷೌರಿಕ ಅದನ್ನು ಮೇಲೆತ್ತಿ ಉಸಿರು ಬಿಗಿಹಿಡಿದ. ಮರುಕ್ಷಣವೇ ಎರಡನೆಯದು ಶುರುವಾಯಿತು. ತಲೆ ಮಿಸುಕಲಿಲ್ಲ. ಮೂರನೆಯ ಹಾಡಿಗೆ ಗುರುಗಳಿಗೆ ಜೊಂಪು ಹತ್ತಿತು. ಅವನು ನೆಮ್ಮದಿಯಾಗಿ ಗಡ್ಡ ಮುಗಿಸಿ, ಪಟಿಕ ಸವರಿ, ಹೆಂಡತಿಯ ಕಡೆ ತಿರುಗಿದ.

"ನನ್ನನ್ನ ಬದುಕಿಸ್ದೆ ಕಣೇ."

"ಮೆಲ್ಲಗೆ! ಎದ್ದುಬಿಡ್ತಾರೆ" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

ಗುರುಗಳು ಎದ್ದು ಗಂಟಲು ಸವರಿ ನೋಡಿಕೊಂಡರು. ಹೊಗಳುವ ಜಾಯಮಾನ ಅವರದಲ್ಲ. ಕನ್ನಡಿಯೊಳಗಿಂದ ಶಿಷ್ಯನನ್ನು ನೋಡಿ, ಅಂಜುತ್ತಂಜುತ್ತಲೇ ಕೇಳಿದರು:

"ಮುಂದಿನ ವಾರಾನೂ ಬರ್ಲಾ? ಇನ್ನು ಬೇಡ ಅಂತೀಯೇನೋ ಅಂದ್ಕೊಂಡಿದ್ದೆ."

"ನೀವು ಬರ್ದೇ ಇದ್ರೆ, ಈ ಕಂಪ್ಯೂಟರ್ ಹೊತ್ಕೊಂಡು ನಾನೇ ನಿಮ್ಮನೆಗೆ ಬರ್ತೀನಿ, ಗುರುಗಳೇ."